ನೆಲಮಾಳಿಗೆಯ ಲೆಕ್ಕ

ಬಫಲೋದಲ್ಲಿ ಮನೆ ಬಾಡಿಗೆಗೆ ಕೊಟ್ಟವರ ಗುಟ್ಟು
ಬ್ಯಾಂಕಿನವರಿಗಿಂತ ನನಗೆ ಹೆಚ್ಚು ಗೊತ್ತು.
ಇಪ್ಪತ್ತಾರು ಚಳಿಗಾಲ ಅವರ ನೆಲಮಾಳಿಗೆಗಳಲ್ಲಿ
ಬಾಯಲ್ಲಿ ಟಾರ್ಚು ಕಚ್ಚಿಕೊಂಡು
ಮಂಡಿಯೂರಿದ್ದೇನೆ
ಸತ್ತ ಫರ್ನೇಸುಗಳ ಎದುರು.

ಅವು ಜುಲೈಯಲ್ಲೇ ಸತ್ತಿದ್ದರೂ
ಸುದ್ದಿ ಹೊರಬೀಳುವುದು
ಕೆರೆಯಂಥ ಕಡಲಿನಿಂದ, ಈರಿಯಿಂದ,
ಗಾಳಿ ಹಿಮ ಹೊತ್ತು ತಂದ ರಾತ್ರಿಯೇ.

"ಹೊಸದೇ ಹಾಕಬೇಕು. ಐದು ಸಾವಿರದ ಇನ್ನೂರು."
ಇಷ್ಟು ಹೇಳಿ ಸುಮ್ಮನಾಗುತ್ತೇನೆ.
ಮೆಟ್ಟಿಲ ಮೇಲೆ ನಿಂತವರ ಕಣ್ಣು
ಎತ್ತ ಓಡುತ್ತದೆ ನೋಡಬೇಕು.
ಗಂಟು ಇರುವುದು ಅತ್ತಲೇ.

ಹಲಿನಾ ಪಿಯೆತ್ರಾಕಳ ಕಣ್ಣು ಅಡುಗೆಮನೆಗೆ ಓಡಿತು.
ಫ್ರೀಜರಿನ ತಳ, ಪಿರೋಗಿ ಕಡುಬಿನ ಚೀಲಗಳಡಿ
ಫಾಯಿಲಿನಲ್ಲಿ ಸುತ್ತಿದ ನೂರರ ನೋಟುಗಳು
ಒಂದಕ್ಕೊಂದು ಅಂಟಿ, ಹಲಗೆಯಂತೆ.
ಎಣಿಸುತ್ತ ನನ್ನ ಬೆರಳು ಮರಗಟ್ಟಿತು.
"ಬ್ಯಾಂಕಿನಲ್ಲಿದ್ದರೆ ಇಷ್ಟು ಹೊತ್ತಿಗೆ ಕರು ಹಾಕುತ್ತಿತ್ತು" ಎಂದೆ.
"ಕರು ಹಾಕುವ ಹಸು ಯಾರಿಗೆ ಬೇಕು?
ಕರೆದರೆ ಓಡಿಬರುವ ನಾಯಿ ಸಾಕು ನನಗೆ" ಎಂದಳು.

(ಹೋದ ವರ್ಷ ಅವಳ ತಮ್ಮನ ಮಗ
ಹಬ್ಬಕ್ಕೆಂದು ಹೊಸ ಫ್ರಿಜ್ಜು ತಂದ,
ಹಳೆಯದನ್ನು ಗುಜರಿಗೆ ಕೊಟ್ಟ.
ಆ ಮಾತು ಅವಳೆದುರು ಎತ್ತಬಾರದು.)

ಲೂಸಿಲ್ ಟಾರ್ಬರ್ಟ್ ಟೀಚರಿಗೆ ಮೂರು ಮನೆ.
ಬಡ್ಡಿ ಬರುವ, ಬೇಕೆಂದ ದಿನ ಬಿಚ್ಚುವ
ಮೂರು ಉಳಿತಾಯ ಖಾತೆ, ಮೂರಕ್ಕೂ ಹೆಸರು:
ಛಾವಣಿ, ಪೈಪು, ಖಾಲಿ ತಿಂಗಳು.
ನಾನು ಕೈ ತೊಳೆಯುವಷ್ಟರಲ್ಲಿ ಚೆಕ್ಕು ಬರೆದಿರುತ್ತಾಳೆ.
ಅವಳ ಬಗ್ಗೆ ಇನ್ನೇನು ಹೇಳಲಿ?
ಆಪತ್ತಿಗೆಂದು ಎತ್ತಿಟ್ಟವರ ಮನೆಯಲ್ಲಿ
ಕಥೆ ಹುಟ್ಟುವುದಿಲ್ಲ.

ಕಥೆ ಬೇಕಾದರೆ ವೇಯ್ನ್ ಡೊಂಬ್ರೊಸ್ಕಿ.
ಹನ್ನೊಂದು ಮನೆ. ಮೆಟ್ಟಿಲ ಮೇಲೆ ನಿಲ್ಲುವ ಆಸಾಮಿಯಲ್ಲ,
ಫ್ಲೋರಿಡಾದಿಂದ ಫೋನು, ಹಿಂದೆ ಅಲೆಯ ಸದ್ದು.
"ದುಡ್ಡು ಮಲಗಬಾರದು ಕ್ಲೈಡ್, ದುಡಿಯಬೇಕು."
ಸರಿ, ದುಡಿಯಲು ಹೋಗಿತ್ತು:
ಹನ್ನೆರಡನೆಯ ಮನೆಯ ಮುಂಗಡಕ್ಕೆ ಒಂದಿಷ್ಟು,
ಆ ವಾರವೇ ಮುಗ್ಗರಿಸಿದ ಶೇರಿಗೆ ಒಂದಿಷ್ಟು,
ಉಳಿದದ್ದು ಠೇವಣಿಯಲ್ಲಿ, ಸೆಪ್ಟೆಂಬರಿನವರೆಗೆ ಬೀಗ.
ಕರೆದರೆ ಓಗೊಡಲು ಮನೆಯಲ್ಲಿ
ಒಂದು ಡಾಲರೂ ಇರಲಿಲ್ಲ.
"ನೀನು ಹಾಕಿಬಿಡು. ಬಿಲ್ಲು ಮಾರ್ಚಿನಲ್ಲಿ ನೋಡೋಣ."

ಬೆಂಕಿ ಬಿದ್ದಾಗ ಬಾವಿ ತೋಡಿದವರ ಗಾದೆ ಕೇಳಿದ್ದೇನೆ,
ಇವನು ಪಕ್ಕದವನ ಬಾವಿಗೆ ಹಗ್ಗ ಇಳಿಬಿಟ್ಟವನು.

ಆಗುವುದಿಲ್ಲ ಎನ್ನಲೆಂದೇ ಮೇಲೆ ಹತ್ತಿದೆ.
ಅಲ್ಲಿ ಬಾಡಿಗೆಯ ಮರ್ಜಿನಾ ಬೇಗಂ
ಓವನ್ನಿನ ಬಾಗಿಲು ಹಾರು ಹೊಡೆದಿಟ್ಟು
ಅಡುಗೆಮನೆ ಬೆಚ್ಚಗಾಗಿಸುತ್ತಿದ್ದಳು.
ಮಗ ಕೋಟು ತೊಟ್ಟೇ ಭಾಗಾಕಾರ ಮಾಡುತ್ತಿದ್ದ,
ಉಸಿರು ಪುಸ್ತಕದ ಮೇಲೆ ಹೊಗೆಯಾಡುತ್ತ.
ಫ್ರಿಜ್ಜಿನ ಮೇಲೆ, ಮ್ಯಾಗ್ನೆಟ್ಟಿನಡಿ,
ಒಂದನೇ ತಾರೀಕಿನ ಬಾಡಿಗೆ ರಸೀದಿ.
ಅವಳು ಏನೂ ಕೇಳಲಿಲ್ಲ. ಚಹಾ ಕೊಟ್ಟಳು.

ಹಾಕಿದೆ.
ನೀಲಿ ಉರಿ ಹತ್ತಿಕೊಂಡಿತು, ಗೋಡೆಯ ಕೊಳವೆಗಳು
ಕೆಮ್ಮಿದವು.

ವ್ಯಾನಿನಲ್ಲಿ ಕೂತು ಕೂಡಿಸಿದೆ, ಕಳೆದೆ.
ಅಂಗಡಿಯವನಿಗೆ ಮೂವತ್ತು ದಿನದಲ್ಲಿ ಕೊಡಬೇಕು.
ಮಗಳ ಹಲ್ಲಿನ ತಂತಿಗೆ ಎತ್ತಿಟ್ಟದ್ದು ಅದಕ್ಕೆ ಹೋಯಿತು.
ಕೈಗವಸು ತೆಗೆಯುವಾಗ ತಟ್ಟನೆ ಹೊಳೆಯಿತು
ಹನ್ನೊಂದು ಮನೆಯ ಯಜಮಾನನ ಆಪದ್ಧನ
ಎಲ್ಲಿ ಅಡಗಿದೆಯೆಂದು:
ಒಂದು ಪಾಲು ನನ್ನ ಜೇಬಿನಲ್ಲಿ,
ಒಂದು ಪಾಲು ಆ ಹುಡುಗನ ಕೋಟಿನೊಳಗೆ.

ಮಾರ್ಚ್ ಬಂತು. ಹಿಮ ಕರಗಿ ಚರಂಡಿ ಹರಿಯಿತು.
ಅವನ ಫೋನೂ ಬಂತು.
"ಹದಿಮೂರನೆಯದು ನೋಡಿದ್ದೇನೆ ಕ್ಲೈಡ್,
ಕೊಳ್ಳುವ ಮೊದಲು ನೀನೊಮ್ಮೆ ಫರ್ನೇಸು ನೋಡಿಬಿಡು."

ಹೋದೆ. ಟಾರ್ಚು ಬಾಯಲ್ಲಿ, ಮಂಡಿ ನೆಲಕ್ಕೆ.
ಇನ್ನೆಷ್ಟು ಚಳಿ ತಡೆದೀತು ಎಂಬುದು
ತುಕ್ಕಿನ ಬಣ್ಣದಲ್ಲೇ ತಿಳಿಯಿತು.
ಹಳೆಯ ಬಿಲ್ಲು ಸಂದಾಯವಾಗುವವರೆಗೆ
ಹೇಳುವುದಿಲ್ಲ ಎಂದೆ.

ಅದೊಂದೇ
ನಾನು ಕೂಡಿಟ್ಟುಕೊಂಡದ್ದು.